ಗಂಗಾಮೂಲದಿಂದ ಕೇಡಗಾಂವಕ್ಕೆ: ಪಂಡಿತಾ ರಮಾಬಾಯಿ ನಡೆದ ದಾರಿ

ತುಂಗೆ, ಭದ್ರೆ, ನೇತ್ರಾವತಿಯರ ತವರಾದ ಗಂಗಾಮೂಲವನ್ನು ಅರಿಯದ ಕನ್ನಡಿಗರು ವಿರಳ. ಕುದುರೆಮುಖದ ಮಗ್ಗುಲಿನ ಆ ದಟ್ಟ ಕಾಡಿನ ನಡುವೆ, 1858ರ ಏಪ್ರಿಲ್ 23ರಂದು, ಸಂಸ್ಕೃತ ಪಂಡಿತರೊಬ್ಬರ ಆಶ್ರಮದಲ್ಲಿ ಹೆಣ್ಣು ಮಗುವೊಂದು ಜನಿಸಿತೆಂಬುದನ್ನು ಬಲ್ಲವರು ಮಾತ್ರ ಇಂದಿಗೂ ಕಡಿಮೆಯೇ. ಆ ಮಗುವೇ ಪಂಡಿತಾ ರಮಾಬಾಯಿ. ಮಹಾರಾಷ್ಟ್ರದ ಸಮಾಜ ಸುಧಾರಣೆಯ ಚರಿತ್ರೆಯಲ್ಲಿ ಅವರ ಹೆಸರಿಗೆ ದೊಡ್ಡ ಸ್ಥಾನವಿದೆ. ಹುಟ್ಟಿದ ನಾಡು ಅವರನ್ನು ನೆನೆದದ್ದು ಅಷ್ಟಕ್ಕಷ್ಟೆ. ಇದಕ್ಕೆ ಕಾರಣಗಳನ್ನು ಬಹು ದೂರ ಹುಡುಕಬೇಕಾಗಿಲ್ಲ. ಆರು ತಿಂಗಳ ಕೂಸಾಗಿದ್ದಾಗಲೇ ಅವರು ಈ ಮಣ್ಣನ್ನು ಬಿಟ್ಟರು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಹುಟ್ಟಿದ ಮತವನ್ನೂ ಬಿಟ್ಟರು.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕರಾವಳಿಯ ಮಾಳದ ಕಡೆಯವರು, ಚಿತ್ಪಾವನ ಬ್ರಾಹ್ಮಣರು. ಪುಣೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರ ಗುರುಗಳು ಪೇಶ್ವೆ ಎರಡನೆಯ ಬಾಜೀರಾಯನ ಪತ್ನಿಗೆ ಸಂಸ್ಕೃತ ಪಾಠ ಹೇಳುತ್ತಿದ್ದರು. ಹೆಣ್ಣೊಬ್ಬಳು ದೇವಭಾಷೆಯನ್ನು ಶುದ್ಧವಾಗಿ ಉಚ್ಚರಿಸುವುದನ್ನು ಕಂಡ ಆ ತರುಣ, ತನ್ನ ಮನೆಯ ಹೆಂಗಸರಿಗೂ ಕಲಿಸಬೇಕೆಂದು ನಿಶ್ಚಯಿಸಿದರು. ಮೊದಲ ಪತ್ನಿ ಒಪ್ಪಲಿಲ್ಲ. ಆಕೆ ತೀರಿಕೊಂಡ ಮೇಲೆ, ನಡುವಯಸ್ಸಿನಲ್ಲಿ ತೀರ್ಥಯಾತ್ರೆಗೆ ಹೋದಾಗ, ಗೋದಾವರಿಯ ತೀರದಲ್ಲಿ ಯಾತ್ರಿಕರೊಬ್ಬರು ತಮ್ಮ ಒಂಬತ್ತು ವರ್ಷದ ಮಗಳು ಲಕ್ಷ್ಮಿಯನ್ನು ಧಾರೆಯೆರೆದು ಕೊಟ್ಟರು. ಬಾಲ್ಯವಿವಾಹವನ್ನು ಜೀವನಪೂರ್ತಿ ಖಂಡಿಸಿದ ರಮಾಬಾಯಿಯವರ ತಾಯಿಯೇ ಇಂಥ ಬಾಲವಧು. ಆದರೆ ಆ ಮದುವೆಯಲ್ಲಿ ಪತಿ ಗುರುವೂ ಆದರು. ಲಕ್ಷ್ಮೀಬಾಯಿ ಸಂಸ್ಕೃತ ಕಲಿತು ಪಾಂಡಿತ್ಯ ಗಳಿಸಿದರು. ಸ್ವಜನರು ಕೆರಳಿದರು. ಸ್ತ್ರೀಗೆ ಸಂಸ್ಕೃತ ಕಲಿಸುವುದು ಧರ್ಮಬಾಹಿರವೆಂಬ ಆಕ್ಷೇಪಕ್ಕೆ ಅನಂತಶಾಸ್ತ್ರಿಗಳು ಉಡುಪಿಯ ವಿದ್ವತ್ಸಭೆಯ ಮುಂದೆ ಗ್ರಂಥಾಧಾರಗಳೊಡನೆ ಉತ್ತರ ಕೊಟ್ಟರು. ವಾದದಲ್ಲಿ ಗೆದ್ದರೂ ಊರಿನ ಸಹವಾಸ ಬೇಡವೆನಿಸಿ ಗಂಗಾಮೂಲದ ಕಾಡು ಸೇರಿದರು.

ಆಶ್ರಮಕ್ಕೆ ಬಂದ ವಿದ್ಯಾರ್ಥಿಗಳಿಗೂ ಯಾತ್ರಿಕರಿಗೂ ಅನ್ನವಿಕ್ಕಿ ಶಾಸ್ತ್ರಿಗಳ ಆಸ್ತಿ ಕರಗಿತು. ಕಡೆಗೆ ಸಂಸಾರ ಸಮೇತರಾಗಿ ಯಾತ್ರೆ ಹೊರಟರು. ಆರು ತಿಂಗಳ ರಮೆಯನ್ನು ಬೆತ್ತದ ಬುಟ್ಟಿಯಲ್ಲಿ ಕೂರಿಸಿ ಆಳಿನ ತಲೆಯ ಮೇಲೆ ಹೊರಿಸಿ ಬೆಟ್ಟದಿಂದ ಕೆಳಗೆ ಇಳಿಸಲಾಯಿತು. ಅಂದಿನಿಂದ ಹದಿನಾರು ವರ್ಷ ಆ ಕುಟುಂಬಕ್ಕೆ ನಿಂತ ನೆಲವಿರಲಿಲ್ಲ. ದೇವಾಲಯಗಳ ಅಂಗಳದಲ್ಲಿ ಕುಳಿತು ಪುರಾಣ ಓದುವುದು, ಕೇಳುಗರು ಇಟ್ಟ ದವಸ ಧಾನ್ಯದಲ್ಲಿ ಜೀವನ ಸಾಗಿಸುವುದು. ತಾಯಿ ಮಗಳಿಗೆ ದಾರಿಯಲ್ಲಿಯೇ ಪಾಠ ಹೇಳಿದರು. ಬಾಲಕಿ ಭಾಗವತದ ಸಾವಿರಾರು ಶ್ಲೋಕಗಳನ್ನು ಕಂಠಪಾಠ ಮಾಡಿದಳು. ಊರೂರು ಸುತ್ತುತ್ತ ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ತಾನಿ ಭಾಷೆಗಳನ್ನೂ ಕಲಿತಳು. ಶಾಲೆಯ ಮೆಟ್ಟಿಲು ಹತ್ತದ ಶಿಕ್ಷಣವದು.

1870ರ ದಶಕದ ಕ್ಷಾಮ ಆ ಸಂಸಾರವನ್ನು ನುಂಗಿತು. ಕೂಡಿಟ್ಟದ್ದೆಲ್ಲ ತೀರಿತು, ಪಾತ್ರೆ ಪಡಗ ಮಾರಿದ್ದಾಯಿತು. ಭಿಕ್ಷೆ ಬೇಡಲು ಪಾಂಡಿತ್ಯದ ಅಭಿಮಾನ ಅಡ್ಡಬಂತು, ಕೂಲಿ ಮಾಡಲು ಯಾರಿಗೂ ಅಭ್ಯಾಸವಿರಲಿಲ್ಲ. ಕಾಡಿನ ಎಲೆ ತಿಂದು ದಿನಗಳೆದರು. 1874ರಲ್ಲಿ ತಂದೆ ತೀರಿಕೊಂಡರು. ಉಳಿದವರು ಹೇಗೋ ರಾಯಚೂರು ಮುಟ್ಟಿದರು. ಅಲ್ಲಿ ತಾಯಿ ಹಸಿವಿನಿಂದಲೂ ಜ್ವರದಿಂದಲೂ ಕನವರಿಸುತ್ತಿದ್ದಾಗ, ಹದಿನಾರರ ರಮಾಬಾಯಿ ಸಂಕೋಚವನ್ನು ನುಂಗಿ ನೆರೆಮನೆಯ ಬಾಗಿಲಲ್ಲಿ ನಿಂತು ಒಂದು ತುಂಡು ಸಜ್ಜೆ ರೊಟ್ಟಿ ಪಡೆದು ತಂದರು. ತಾಯಿಗೆ ಅದನ್ನು ಉಣ್ಣುವ ಶಕ್ತಿ ಉಳಿದಿರಲಿಲ್ಲ. ಶವ ಹೊರಲು ನಾಲ್ಕು ಜನ ಸಿಗಲಿಲ್ಲ. ಇಬ್ಬರು ಬ್ರಾಹ್ಮಣರು ಮುಂದೆ ಬಂದರು. ಮೂರನೆಯವನು ಅಣ್ಣ ಶ್ರೀನಿವಾಸ, ನಾಲ್ಕನೆಯವಳು ತಂಗಿ. ಕುಳ್ಳಗಿದ್ದ ಆಕೆಗೆ ಚಟ್ಟ ಹೆಗಲಿಗೆ ಸರಿಹೊಂದದೆ, ತನ್ನ ಪಾಲಿನ ಭಾರವನ್ನು ತಲೆಯ ಮೇಲೆ ಹೊರಬೇಕಾಯಿತು. ಮುಂದೆ ಅಕ್ಕ ಕೃಷ್ಣಾಬಾಯಿಯೂ ಹೋದರು. ಹಸಿದ ಹೆಂಗಸರ ಕುರಿತು ರಮಾಬಾಯಿ ನಂತರ ಮಾಡಿದ ಎಲ್ಲ ಕೆಲಸದ ಬೇರು ಯಾವ ಧರ್ಮಗ್ರಂಥಕ್ಕಿಂತಲೂ ಮೊದಲು ಇಲ್ಲಿದೆ.

ಅಣ್ಣ ತಂಗಿ ಸಾವಿರಾರು ಮೈಲಿ ನಡೆದರು. ಉತ್ತರದ ಚಳಿಯಲ್ಲಿ ಹೊದೆಯಲು ಬಟ್ಟೆಯಿಲ್ಲದೆ, ಝೀಲಂ ನದಿಯ ದಂಡೆಯಲ್ಲಿ ಗುಂಡಿ ತೋಡಿ, ಕತ್ತಿನವರೆಗೆ ಒಣ ಮರಳು ಮುಚ್ಚಿಕೊಂಡು ಮಲಗಿದ ರಾತ್ರಿಗಳೂ ಇದ್ದವು. ಪಾಲಿಸಿದ ವ್ರತ ನಿಯಮಗಳಾವುವೂ ತಂದೆ ತಾಯಿಯರನ್ನು ಉಳಿಸಲಿಲ್ಲವಲ್ಲ ಎಂಬ ಸಂಶಯ ಆ ಅಲೆದಾಟದಲ್ಲಿಯೇ ಇಬ್ಬರ ಮನಸ್ಸಿನಲ್ಲಿ ಬೇರೂರಿತು. 1878ರಲ್ಲಿ ಕಲ್ಕತ್ತೆ ತಲಪಿದಾಗ ಅವರ ವಿದ್ವತ್ತು ನಗರವನ್ನೇ ಬೆರಗುಗೊಳಿಸಿತು. ವಿದ್ವಾಂಸರು ಪರೀಕ್ಷಿಸಿ ಪಂಡಿತಾ ಎಂದೂ ಸರಸ್ವತಿ ಎಂದೂ ಕರೆದು ಗೌರವಿಸಿದರು. ಬ್ರಾಹ್ಮಸಮಾಜದ ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಅವರ ಕೈಗಿತ್ತರು. ಧರ್ಮಶಾಸ್ತ್ರಗಳನ್ನು ಆಳವಾಗಿ ಓದಲು ತೊಡಗಿದಂತೆ, ಸ್ತ್ರೀಗೆ ಸ್ತ್ರೀಯಾಗಿಯೇ ಮುಕ್ತಿಯಿಲ್ಲವೆಂಬ ಭಾವ ಅವುಗಳಲ್ಲಿ ಮತ್ತೆ ಮತ್ತೆ ಎದುರಾಗಿ ಆಕೆಯನ್ನು ಕಾಡಿತು.

1880ರಲ್ಲಿ ಅಣ್ಣ ಢಾಕಾದಲ್ಲಿ ತೀರಿಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ ರಮಾಬಾಯಿ, ಬಂಗಾಳದ ಬ್ರಾಹ್ಮಣೇತರ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ನೋಂದಣಿ ಪದ್ಧತಿಯಲ್ಲಿ ಮದುವೆಯಾದರು. ಪತಿಯ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆ ಕಣ್ಣಿಗೆ ಬಿದ್ದದ್ದು ಸಿಲ್ಚಾರಿನಲ್ಲಿ. ಮಿಶನರಿಯೊಬ್ಬರಿಂದ ಆದಿಕಾಂಡದ ಕಥೆಯನ್ನೂ ಕೇಳಿದರು. ಮಿಶನ್ ಶಾಲೆಯಲ್ಲಿಯೇ ಓದಿದ್ದ ಪತಿಗೆ ಹೆಂಡತಿ ಕ್ರೈಸ್ತಳಾಗುವುದು ಬೇಕಿರಲಿಲ್ಲ. ಆ ಚರ್ಚೆ ಬೆಳೆಯುವ ಮೊದಲೇ 1882ರ ಫೆಬ್ರುವರಿಯಲ್ಲಿ ಕಾಲರಾ ಅವರನ್ನು ಒಯ್ದಿತು. ಇಪ್ಪತ್ತಮೂರರ ವಿಧವೆಯ ಮಡಿಲಲ್ಲಿ ವರ್ಷ ತುಂಬದ ಮಗಳು ಮನೋರಮಾ ಉಳಿದಳು.

ಪುಣೆಗೆ ಬಂದು ನೆಲೆಸಿದ ರಮಾಬಾಯಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು, ಸ್ತ್ರೀ ಧರ್ಮ ನೀತಿ ಎಂಬ ಪುಸ್ತಕ ಬರೆದರು, ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಒತ್ತಾಯಿಸಿದರು. ಸ್ವತಃ ವೈದ್ಯಕೀಯ ಓದಬೇಕೆಂಬ ಆಸೆಯಿಂದ 1883ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವುಡುತನದ ಕಾರಣ ಆ ಆಸೆ ಕೈಗೂಡಲಿಲ್ಲ.

ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠ ಅವರಿಗೆ ಆಶ್ರಯವಿತ್ತಿತು. ಆ ಮಠದವರು ಲಂಡನ್ನಿನ ಫುಲ್‌ಹ್ಯಾಮ್ ಭಾಗದಲ್ಲಿ ಒಂದು ಆಶ್ರಯಧಾಮ ನಡೆಸುತ್ತಿದ್ದರು. ದಾರಿ ತಪ್ಪಿದವರೆಂದು ಸಮಾಜ ಹೊರದಬ್ಬಿದ ಹೆಂಗಸರು ಅಲ್ಲಿದ್ದರು. ಸನ್ಯಾಸಿನಿಯರು ಅವರೊಡನೆ ಮನೆಯವರಂತೆ ಬೆರೆತು ಕೆಲಸ ಮಾಡುತ್ತಿದ್ದುದನ್ನೂ, ಒಂದು ಕಾಲಕ್ಕೆ ಆ ಸ್ಥಿತಿಯಲ್ಲಿದ್ದವರೇ ಈಗ ಇತರರ ಶುಶ್ರೂಷೆಗೆ ನಿಂತದ್ದನ್ನೂ ರಮಾಬಾಯಿ ನೋಡಿದರು. ಇಂಥ ಹೆಂಗಸರಿಗೆ ಕಠಿಣ ಶಿಕ್ಷೆ ವಿಧಿಸುವ ಶಾಸ್ತ್ರಗಳನ್ನು ಓದಿ ಬೆಳೆದವರಿಗೆ ಇದು ಹೊಸದು. ಇದರ ಮೂಲವೇನೆಂದು ವಿಚಾರಿಸಿದಾಗ ಸನ್ಯಾಸಿನಿಯೊಬ್ಬರು ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯವನ್ನು ತೆರೆದು, ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತನಾಡಿದ ಪ್ರಸಂಗವನ್ನು ಓದಿ ತಿಳಿಸಿದರು. ಕುಲಗೆಟ್ಟವಳೆಂದು ಎಣಿಸಲ್ಪಟ್ಟ ಸ್ತ್ರೀಯಿಂದ ಗುರುವೊಬ್ಬ ನೀರು ಕೇಳಿದನೆಂಬ ಆ ಕಥೆ, ಮಡಿ ಮೈಲಿಗೆಗಳ ನಡುವೆ ಬೆಳೆದ ಪಂಡಿತೆಗೆ ಎಷ್ಟು ನಾಟಿರಬಹುದೆಂಬುದನ್ನು ಯಾರೂ ಊಹಿಸಬಹುದು. 1883ರ ಸೆಪ್ಟೆಂಬರ್ 29ರಂದು ತಾಯಿಯೂ ಮಗಳೂ ದೀಕ್ಷಾಸ್ನಾನ ಪಡೆದರು.

ಮತ ಬದಲಾಯಿತೆಂದು ಬುದ್ಧಿಯನ್ನು ಚರ್ಚಿನ ವಶಕ್ಕೆ ಒಪ್ಪಿಸುವ ಜಾಯಮಾನ ಅವರದಾಗಿರಲಿಲ್ಲ. ತ್ರಿಯೇಕತ್ವದ ಸಿದ್ಧಾಂತವನ್ನು ಪ್ರಶ್ನಿಸಿದರು. ಲ್ಯಾಟಿನ್ ಅಕ್ಷರಗಳಿದ್ದ ಶಿಲುಬೆಯನ್ನು ಧರಿಸಲು ಒಪ್ಪದೆ, ಲ್ಯಾಟಿನ್ ಸಂಸ್ಕೃತಕ್ಕಿಂತ ಹೇಗೆ ಪವಿತ್ರವೆಂದು ಕೇಳಿದರು. ಮಾಂಸ ಮುಟ್ಟಲಿಲ್ಲ, ಮೊಟ್ಟೆ ಹಾಕಿದ ತಿಂಡಿಯನ್ನೂ ತಿನ್ನಲಿಲ್ಲ. ಇದು ಹಳೆಯ ಜಾತಿಯ ಅಹಂಕಾರದ ಉಳಿಕೆಯೆಂದು ಮಠದವರು ನೊಂದುಕೊಂಡರು. ಕ್ರಿಸ್ತನನ್ನು ನಂಬಲು ಇಂಗ್ಲಿಷರ ಊಟ ಉಡುಪುಗಳನ್ನು ನಂಬಬೇಕಾಗಿಲ್ಲ ಎಂಬುದು ಆಕೆಯ ನಿಲುವು. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿದ್ದಾಗ ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳುವುದು ಸಲ್ಲದೆಂದು ಬಿಷಪ್ಪರು ಆಕ್ಷೇಪವೆತ್ತಿದಾಗಲೂ ರಮಾಬಾಯಿ ತೀಕ್ಷ್ಣವಾಗಿಯೇ ಪ್ರತಿಭಟಿಸಿದರು. ಉಡುಪಿಯ ಸಭೆಯಲ್ಲಿ ವಾದಿಸಿದ ತಂದೆಯ ಮಗಳಲ್ಲವೆ!

1886ರಲ್ಲಿ ಬಂಧುವೂ ಆಗಿದ್ದ ಆನಂದೀಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ವೈದ್ಯಕೀಯ ಪದವಿ ಪಡೆಯುವ ಸಮಾರಂಭಕ್ಕೆಂದು ಅಮೆರಿಕೆಗೆ ಹೋದವರು ಎರಡೂವರೆ ವರ್ಷ ಅಲ್ಲಿಯೇ ಇದ್ದರು. ಮೇಲ್ಜಾತಿಯ ಹಿಂದೂ ಸ್ತ್ರೀಯ ಬಾಳನ್ನು ಕುರಿತ ಅವರ ಇಂಗ್ಲಿಷ್ ಪುಸ್ತಕ 1887ರಲ್ಲಿ ಪ್ರಕಟವಾಗಿ ಹೆಸರಾಯಿತು. ಬಾಸ್ಟನ್ನಿನಲ್ಲಿ ರಮಾಬಾಯಿ ಸಂಘವೊಂದು ರೂಪುಗೊಂಡು, ವಿಧವೆಯರ ಶಾಲೆಗೆ ಹತ್ತು ವರ್ಷ ಧನಸಹಾಯ ನೀಡುವ ವಾಗ್ದಾನ ಮಾಡಿತು. ಶಾಲೆಯಲ್ಲಿ ಮತಬೋಧನೆ ಇರಕೂಡದೆಂಬುದು ಅದರ ಒಪ್ಪಂದ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಹೆಸರು ವಿದ್ಯಾದೇವತೆಯದು. ಅಡುಗೆ, ಮಡಿ, ಪೂಜೆಗಳಲ್ಲಿ ಹುಡುಗಿಯರು ತಮ್ಮ ಮನೆಯ ಆಚಾರವನ್ನು ಪಾಲಿಸಲು ಅವಕಾಶವಿತ್ತು. ಮೊದಲಿಗೆ ಸೇರಿದ ಬಾಲವಿಧವೆ ಗೋದೂಬಾಯಿ ಮುಂದೆ, 1893ರಲ್ಲಿ, ಧೋಂಡೋ ಕೇಶವ ಕರ್ವೆಯವರನ್ನು ಮರುವಿವಾಹವಾದರು. 1890ರಲ್ಲಿ ಸದನ ಪುಣೆಗೆ ಬಂತು. ನ್ಯಾಯಮೂರ್ತಿ ರಾನಡೆ, ಆರ್. ಜಿ. ಭಂಡಾರ್ಕರ್ ಮುಂತಾದ ಗಣ್ಯರು ಸಲಹಾ ಸಮಿತಿಯಲ್ಲಿದ್ದರು.

ಬಿಕ್ಕಟ್ಟು ಹುಟ್ಟಿದ್ದು ಒಂದು ಬಾಗಿಲಿನಿಂದ. ರಮಾಬಾಯಿ ಬೆಳಗಿನ ಹೊತ್ತು ಮಗಳೊಡನೆ ತಮ್ಮ ಕೋಣೆಯಲ್ಲಿ ಬೈಬಲ್ ಓದಿ ಪ್ರಾರ್ಥಿಸುತ್ತಿದ್ದರು. ಬಾಗಿಲು ತೆರೆದೇ ಇರುತ್ತಿತ್ತು. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕುಳಿತುಕೊಳ್ಳತೊಡಗಿದರು. ಯಾರನ್ನೂ ಕರೆದಿರಲಿಲ್ಲ, ಬಂದವರನ್ನು ಕಳುಹಿಸಲೂ ಇಲ್ಲ. ಸುದ್ದಿ ಊರಿಗೆ ಹಬ್ಬಿತು. ತಿಲಕರ ಕೇಸರಿ ಪತ್ರಿಕೆ ಸದನದ ಮೇಲೆ ಹರಿಹಾಯ್ದಿತು. ಬಾಗಿಲು ಮುಚ್ಚಿ ಪ್ರಾರ್ಥಿಸಿದರೆ ಗಲಾಟೆ ತಣ್ಣಗಾಗುತ್ತಿತ್ತು. ತಮ್ಮ ಮನೆಯಲ್ಲಿ ತಮ್ಮ ದೇವರನ್ನು ಮರೆಮಾಚಿ ಪೂಜಿಸಲು ರಮಾಬಾಯಿ ಸಿದ್ಧರಿರಲಿಲ್ಲ; ಹಿಂದೂ ಹುಡುಗಿಯರಿಗೆ ತಮ್ಮ ಪೂಜೆಯ ಸ್ವಾತಂತ್ರ್ಯವಿರುವಂತೆ, ಬೇರೆ ಪ್ರಾರ್ಥನೆಯಲ್ಲಿ ಕೂರುವ ಸ್ವಾತಂತ್ರ್ಯವೂ ಇರಬೇಕೆಂದರು. 1893ರಲ್ಲಿ ರಾನಡೆ, ಭಂಡಾರ್ಕರ್ ಸಮಿತಿಯಿಂದ ಹೊರಬಂದರು. ಸುಮಾರು 25 ಹುಡುಗಿಯರನ್ನು ಪಾಲಕರು ಬಿಡಿಸಿಕೊಂಡು ಹೋದರು.

ಇದರಲ್ಲಿ ಒಂದು ಪಕ್ಷವನ್ನಷ್ಟೇ ದೂರುವುದು ಸುಲಭ, ಆದರೆ ಸರಿಯಲ್ಲ. ತಟಸ್ಥ ಸಂಸ್ಥೆಯೆಂಬ ಭರವಸೆಯ ಮೇಲೆ ಪಾಲಕರು ಮಕ್ಕಳನ್ನು ಒಪ್ಪಿಸಿದ್ದರು. ಆಶ್ರಯಕ್ಕೆ ಬೇರೆ ಗತಿಯಿಲ್ಲದ ಬಾಲೆಗೆ, ಅನ್ನವಿಕ್ಕುವ ತಾಯಿಯ ತೆರೆದ ಬಾಗಿಲು ಆಹ್ವಾನದಂತೆಯೇ ಕಂಡಿರಬಹುದು. ಮುಂದಿನ ವರ್ಷಗಳಲ್ಲಿ ಸದನದ ಕೆಲವು ಹುಡುಗಿಯರು ಕ್ರೈಸ್ತರಾದದ್ದೂ ಉಂಟು. ಟೀಕಾಕಾರರ ಅನುಮಾನ ಸಂಪೂರ್ಣ ನಿರಾಧಾರವಾಗಿರಲಿಲ್ಲ. ಹಾಗೆಂದು, ಬಿಡಿಸಿಕೊಂಡು ಹೋದ ಹುಡುಗಿಯರಿಗೆ ಕೇಶಮುಂಡನದ, ಕತ್ತಲ ಮೂಲೆಯ ಬಾಳಲ್ಲದೆ ಬೇರೇನನ್ನು ಕೊಡಲು ಆ ದಿನ ಎಷ್ಟು ಮನೆಗಳು ಸಿದ್ಧವಿದ್ದವೆಂಬ ಪ್ರಶ್ನೆಯೂ ಉಳಿಯುತ್ತದೆ. ಕರ್ವೆಯವರು ಹಿಂದೂ ವಿಧವೆಯರಿಗಾಗಿ ತಮ್ಮದೇ ಆಶ್ರಮ ಆರಂಭಿಸಿದ್ದು 1896ರಲ್ಲಿ. ಶಾರದಾ ಸದನ ಎಬ್ಬಿಸಿದ ಬಿರುಗಾಳಿಯಿಂದ ಹುಟ್ಟಿದ ಒಳ್ಳೆಯ ಫಲಗಳಲ್ಲಿ ಅದೂ ಒಂದೆನ್ನಬೇಕು.

ಈ ನಡುವೆ, 1891ರ ಸುಮಾರಿಗೆ, ರಮಾಬಾಯಿಯವರ ಸ್ವಂತ ವಿಶ್ವಾಸದಲ್ಲಿಯೂ ಒಂದು ತಿರುವು ಬಂದಿತ್ತು. ಎಂಟು ವರ್ಷಗಳ ಹಿಂದೆ ತಾವು ಕ್ರೈಸ್ತ ಧರ್ಮವನ್ನು ಕಂಡುಕೊಂಡಿದ್ದರೂ ಕ್ರಿಸ್ತನನ್ನು ಕಂಡುಕೊಂಡಿರಲಿಲ್ಲವೆಂದು ಅವರಿಗೆ ಅನ್ನಿಸತೊಡಗಿತು. ಸಿದ್ಧಾಂತದ ಜಗಳಗಳು ಹಿಂದೆ ಸರಿದು ಕೆಲಸ ಮುಂದೆ ಬಂತು. ಆ ಕೆಲಸ ಯಾವುದೆಂಬುದನ್ನು ಬರಗಾಲವೇ ತೋರಿಸಿಕೊಟ್ಟಿತು.

1896-97ರಲ್ಲಿ ಮಧ್ಯ ಪ್ರಾಂತ್ಯಗಳಲ್ಲಿ ಕ್ಷಾಮ ತಲೆದೋರಿತು. ರಾಯಚೂರಿನ ಸಜ್ಜೆ ರೊಟ್ಟಿಯನ್ನು ಮರೆಯದ ರಮಾಬಾಯಿ ಅಲ್ಲಿಗೆ ಹೊರಟರು. ಗಂಜಿ ಕೇಂದ್ರಗಳ ಸುತ್ತ ಎಲುಬಿನ ಹಂದರವಾಗಿದ್ದ ಮಕ್ಕಳನ್ನೂ, ಅನಾಥ ಹುಡುಗಿಯರನ್ನು ಹೊಂಚುಹಾಕುತ್ತಿದ್ದ ಕಟುಕರನ್ನೂ ಕಂಡರು. ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಆ ಹೊತ್ತಿಗೆ ಪುಣೆಯಲ್ಲಿ ಪ್ಲೇಗು. ಇಷ್ಟು ಜನರನ್ನು ನಗರದಲ್ಲಿ ಇಟ್ಟುಕೊಳ್ಳಲು ಅಧಿಕಾರಿಗಳು ಬಿಡಲಿಲ್ಲ. ಪುಣೆ–ಸೊಲ್ಲಾಪುರ ರೈಲುದಾರಿಯ ಕೇಡಗಾಂವದಲ್ಲಿ ಹಣ್ಣಿನ ತೋಟಕ್ಕೆಂದು ಕೊಂಡಿದ್ದ ಜಮೀನಿತ್ತು. ಅಮೆರಿಕದ ಹತ್ತು ವರ್ಷದ ನೆರವು ಮುಗಿದ ಮೇಲೆ ಸದನಕ್ಕೆ ಸ್ವಂತ ಆದಾಯವಿರಲೆಂಬುದು ಆ ತೋಟದ ಉದ್ದೇಶ. ಅಲ್ಲಿಯೇ ಗುಡಾರ, ಗುಡಿಸಲು ಎದ್ದವು. ಮುಕ್ತಿ ಸದನ ಹೀಗೆ ಆರಂಭವಾಯಿತು.

ಪ್ಲೇಗ್ ನಿಯಂತ್ರಣದ ಹೆಸರಿನಲ್ಲಿ ಸರ್ಕಾರ ನಡೆಸಿದ ಅತಿರೇಕಗಳ ವಿರುದ್ಧ ಇದೇ 1897ರಲ್ಲಿ ಅವರು ಪತ್ರಿಕೆಗೆ ಬರೆದರು. ಶಿಬಿರಗಳಲ್ಲಿ ಹೆಂಗಸರಿಗೆ ರಕ್ಷಣೆಯಿಲ್ಲವೆಂಬ ಅವರ ಆರೋಪ ಬ್ರಿಟಿಷ್ ಪಾರ್ಲಿಮೆಂಟಿನವರೆಗೆ ಹೋಯಿತು. ಮುಂಬಯಿಯ ಗವರ್ನರ್ ಅಲ್ಲಗಳೆದರೂ ರಮಾಬಾಯಿ ಮಾತು ಹಿಂತೆಗೆದುಕೊಳ್ಳಲಿಲ್ಲ. ಕ್ರೈಸ್ತಳಾದವಳು ಆಳುವವರ ಕೈಗೊಂಬೆಯೆಂದು ಹಳಿಯುತ್ತಿದ್ದವರಿಗೆ ಇದು ಇರಿಸುಮುರಿಸು ತಂದಿರಬೇಕು.

1899-1900ರಲ್ಲಿ ಗುಜರಾತು, ರಾಜಸ್ಥಾನಗಳ ಕಡೆ ಮತ್ತೆ ಕ್ಷಾಮ. ಈ ಬಾರಿ ಸಾವಿರಕ್ಕೂ ಮಿಕ್ಕಿ ಹೆಣ್ಣುಮಕ್ಕಳು ಮುಕ್ತಿಗೆ ಬಂದರು. 1900ರ ಸುಮಾರಿಗೆ ಅಲ್ಲಿ ಎರಡು ಸಾವಿರದಷ್ಟು ಜನ. ಶಾರದಾ ಸದನಕ್ಕೆ ಬಂದವರು ಹೆಚ್ಚಾಗಿ ಬ್ರಾಹ್ಮಣ ವಿಧವೆಯರು. ಇಲ್ಲಿ ಜಾತಿ ಕೇಳುವವರಿಲ್ಲ. ಬರದಿಂದ ಬಂದ ಮಕ್ಕಳಿಗೆ ಕಜ್ಜಿ, ಕಣ್ಣುಬೇನೆ, ಭೇದಿ. ಹಸಿವು ಎಷ್ಟು ಆಳಕ್ಕಿಳಿದಿತ್ತೆಂದರೆ ಹೊಟ್ಟೆ ತುಂಬಿದ ಮೇಲೂ ಅನ್ನವನ್ನು ಬಚ್ಚಿಡುವ, ಕಸಿಯುವ ಚಾಳಿ ಬಿಡುತ್ತಿರಲಿಲ್ಲ. ಅಂಥವರಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಅಕ್ಷರ ಕಲಿಸಿ, ಕೈಗೊಂದು ಕಸುಬು ಕೊಡುವುದು ಸ್ತೋತ್ರ ಹಾಡಿದಷ್ಟು ಸುಲಭದ ಧರ್ಮವಲ್ಲ. ಹೊಲ, ಹೈನು, ಎಣ್ಣೆಗಾಣ, ಮಗ್ಗ, ಹೊಲಿಗೆ, ಬಟ್ಟೆ ಒಗೆಯುವ ಮನೆ, ಮುದ್ರಣಾಲಯ ಎಲ್ಲವೂ ಹೆಂಗಸರ ಕೈಯಲ್ಲಿಯೇ ನಡೆದವು. ಹಿರಿಯ ಹುಡುಗಿಯರು ಕಿರಿಯರ ಗುಂಪಿಗೆ ತಾಯಂದಿರಾದರು. ಕುರುಡರಿಗೆ ಬ್ರೈಲ್ ಲಿಪಿಯ ಪಾಠವಾಯಿತು. ಫುಲ್‌ಹ್ಯಾಮಿನಲ್ಲಿ ಕಂಡದ್ದು ಕೃಪಾ ಸದನವಾಗಿ ಮೈದಳೆಯಿತು. ಬೇರಾವ ಸಂಸ್ಥೆಯೂ ಸೇರಿಸಿಕೊಳ್ಳದ ಹೆಂಗಸರಿಗೆ ಅದು ಮೀಸಲು.

1898ರಲ್ಲಿ ಅಮೆರಿಕೆಗೆ ಹೋಗಿ ಹತ್ತು ವರ್ಷಗಳ ಲೆಕ್ಕ ಒಪ್ಪಿಸಿ, ಸಂಸ್ಥೆ ಇನ್ನು ಬಹಿರಂಗವಾಗಿ ಕ್ರೈಸ್ತವೆಂದು ತಿಳಿಸಿದ್ದರು. ಅಸ್ಪಷ್ಟತೆ ಅಲ್ಲಿಗೆ ಮುಗಿಯಿತು. ಆದರೆ ರಮಾಬಾಯಿ ಯಾವೊಂದು ಪಂಗಡದ ಅಧೀನಕ್ಕೂ ಸಂಸ್ಥೆಯನ್ನು ಒಪ್ಪಿಸಲಿಲ್ಲ. ಕೊನೆಯವರೆಗೂ ಉಟ್ಟದ್ದು ವಿಧವೆಯ ಬಿಳಿ ಹತ್ತಿ ಸೀರೆ, ಉಂಡದ್ದು ಸಸ್ಯಾಹಾರ. 1905ರಲ್ಲಿ ಮುಕ್ತಿಯಲ್ಲಿ ಕಂಡುಬಂದ ಪ್ರಾರ್ಥನೆಯ ಉತ್ಕಟ ಅಲೆ ಜಗತ್ತಿನ ಕ್ರೈಸ್ತ ವಲಯಗಳಲ್ಲಿ ಸುದ್ದಿಯಾಯಿತು. ಪೆಂಟಿಕಾಸ್ಟ್ ಪಂಗಡಗಳ ಚರಿತ್ರೆ ಬರೆಯುವವರು ಇಂದಿಗೂ ಅದನ್ನು ಉಲ್ಲೇಖಿಸುತ್ತಾರೆ.

ಅವರ ಕೊನೆಯ ಎರಡು ದಶಕಗಳನ್ನು ತಿಂದದ್ದು ಬೈಬಲಿನ ಮರಾಠಿ ಅನುವಾದ. ಆಗಲೇ ಇದ್ದ ಅನುವಾದದ ಸಂಸ್ಕೃತಭೂಯಿಷ್ಠ ಭಾಷೆ ಹಳ್ಳಿಯ ಹೆಣ್ಣುಮಕ್ಕಳಿಗೆ ನಿಲುಕದೆಂಬುದು ಮುಕ್ತಿಯ ತರಗತಿಗಳಲ್ಲಿ ಅವರಿಗೆ ಮನವರಿಕೆಯಾಗಿತ್ತು. ದೇಶದ ಶ್ರೇಷ್ಠ ಸಂಸ್ಕೃತ ಪಂಡಿತೆಯೇ ಸಂಸ್ಕೃತ ಪದಗಳನ್ನು ಹೆಕ್ಕಿ ಹೊರಹಾಕಲು ಕುಳಿತದ್ದು ವಿಚಿತ್ರವಾದರೂ ನಿಜ. ಅದಕ್ಕಾಗಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ನಡುವಯಸ್ಸು ದಾಟಿದ ಮೇಲೆ ಕಲಿತರು. ಅಚ್ಚುಮೊಳೆ ಜೋಡಿಸಿದವರು, ಯಂತ್ರ ನಡೆಸಿದವರು, ಹಾಳೆ ಮಡಿಚಿ ರಟ್ಟು ಕಟ್ಟಿದವರು ಎಲ್ಲರೂ ಮುಕ್ತಿಯ ಹೆಂಗಸರೇ. ಬರಗಾಲದಲ್ಲಿ ಬದುಕುಳಿದವರು ಅವರಲ್ಲಿ ಹಲವರಿದ್ದರು.

ಕನ್ನಡ ನೆಲಕ್ಕೆ ರಮಾಬಾಯಿ ಮತ್ತೆ ಬಂದದ್ದು ಮಗಳ ಮೂಲಕ. ಆಗ ನಿಜಾಮನ ಸೀಮೆಯಲ್ಲಿದ್ದ ಗುಲ್ಬರ್ಗದಲ್ಲಿ, 1912ರ ಸುಮಾರಿಗೆ, ಹೆಣ್ಣುಮಕ್ಕಳಿಗಾಗಿ ಶಾಲೆಯೊಂದನ್ನು ತೆರೆಯಲಾಯಿತು. ಅದರ ಹೊಣೆ ಹೊತ್ತವರು ಮನೋರಮಾ. ಇಂಗ್ಲೆಂಡ್, ಅಮೆರಿಕಗಳಲ್ಲಿ ಓದಿ ಬಂದ ಮನೋರಮಾ ಮುಂಬಯಿ ವಿಶ್ವವಿದ್ಯಾಲಯದ ಪದವಿಯನ್ನೂ ಪಡೆದಿದ್ದರು. ತಾಯಿಯ ನಂತರ ಮುಕ್ತಿಯನ್ನು ಅವರೇ ನಡೆಸಬೇಕೆಂಬುದು ಎಲ್ಲರ ನಿರೀಕ್ಷೆಯಾಗಿತ್ತು.

1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕವಿತ್ತು ಗೌರವಿಸಿತು. 1921ರ ಜುಲೈಯಲ್ಲಿ ಮನೋರಮಾ ತೀರಿಕೊಂಡರು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಇವರೆಲ್ಲರ ಸಾವನ್ನು ಕಂಡಿದ್ದ ರಮಾಬಾಯಿ ಈಗ ಒಬ್ಬಳೇ ಮಗಳನ್ನೂ ಮಣ್ಣಿಗೆ ಒಪ್ಪಿಸಿದರು. ಕಿವಿ ಮಂದವಾಗಿತ್ತು, ದೇಹ ಬಳಲಿತ್ತು. ಬೈಬಲಿನ ಕರಡಚ್ಚುಗಳ ತಿದ್ದುಪಡಿ ಮಾತ್ರ ನಿಲ್ಲಲಿಲ್ಲ. ಆ ಕೆಲಸ ಮುಗಿಯುತ್ತ ಬಂದಂತೆ, 1922ರ ಏಪ್ರಿಲ್ 5ರಂದು, ಕೇಡಗಾಂವದಲ್ಲಿ ಅವರು ಕಣ್ಮುಚ್ಚಿದರು. ಸಂಪೂರ್ಣ ಬೈಬಲ್ ಹೊರಬಂದದ್ದು ಎರಡು ವರ್ಷಗಳ ನಂತರ, 1924ರಲ್ಲಿ. ಭಾರತದ ಅಂಚೆ ಇಲಾಖೆ 1989ರಲ್ಲಿ ಅವರ ಸ್ಮರಣೆಗಾಗಿ ಅಂಚೆಚೀಟಿ ಹೊರಡಿಸಿತು. ಕೇಡಗಾಂವದ ಸಂಸ್ಥೆ ಅವರ ಹೆಸರಿನಲ್ಲಿಯೇ ಇಂದಿಗೂ ನಡೆಯುತ್ತಿದೆ.